ಪತ್ತನಾಜೆಯಿಂದ ಪತ್ತನಾಜೆಯವರೆಗೆ

ಮಂತ್ರ, ತಂತ್ರ, ಭೂತ ಎಂಬ ಶಬ್ದಗಳು ಕಿವಿಗೆ ಬಿದ್ದೊಡನೆ ಕೆಲವರು ಕೈಮುಗಿಯುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಇವೆರಡನ್ನೂ ತುಸು ಬದಿಗಿಟ್ಟು, ಅಲೌಕಿಕದ ಮೇಲಣ ನಂಬಿಕೆಯು ಒಂದು ವರ್ಷದ ಅವಧಿಯಲ್ಲಿ ನಮ್ಮ ಬದಿಯಡ್ಕದ ಸುತ್ತುಮುತ್ತ ಎಷ್ಟೊಂದು ಚಿತ್ರ, ವೇಷ, ಹಾಡುಗಳಿಗೆ ಜನ್ಮ ಕೊಡುತ್ತದೆಂಬುದನ್ನು ಅಧ್ಯಾಪಕ ಬಂಧುಗಳ ಮುಂದಿಡಬಯಸುತ್ತೇವೆ. ಕೋಲದ ಮರುದಿನ ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು ಗದರಿಸಿದವರೇ ನಾವೆಲ್ಲ. ರಾತ್ರಿ ಏನನ್ನು ಕಂಡು ಬಂದಿರೆಂದು ಅವರನ್ನು ಕೇಳಿದವರು ವಿರಳ.

ಈ ಕಲೆಯ ವರ್ಷ ಯುಗಾದಿಯಿಂದ ಮೊದಲಾಗುವುದಿಲ್ಲ. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24-25ರ ಸುಮಾರಿಗೆ, ಪತ್ತನಾಜೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮಳೆಗಾಲದ ನಡುವೆ ಆಟಿ ಕಳೆಂಜ ತೆಂಗಿನ ಎಳೆಗರಿಯುಟ್ಟು, ಓಲೆಯ ಕೊಡೆ ಹಿಡಿದು ಮನೆಮನೆಗೆ ಬಂದು, ಮಾರಿ ಕಳೆಯುವೆನೆಂದು ಕುಣಿದು, ಅಕ್ಕಿ ಉಪ್ಪು ಹುಳಿ ಪಡೆದು ಹೋಗುತ್ತಾನೆ. ತುಲಾ ಮಾಸದ ಹತ್ತು ಕಳೆದರೆ ತೆಂಕಣ ತೆಯ್ಯಗಳ ಕಾಲ. ದೀಪಾವಳಿ ಕಳೆದರೆ ತುಳುವ ಭೂತಗಳ ಕಾಲ. ಎರಡೂ ಕಾಲಗಳು ನಮ್ಮ ಅಂಗಳದಲ್ಲಿ ಕೂಡಿಕೊಳ್ಳುತ್ತವೆ.

ಕೋಲದ ರಾತ್ರಿಯನ್ನು ತುಸು ನಿಧಾನವಾಗಿ ನೋಡಬೇಕು. ಎಣ್ಣೆಬೂಳ್ಯ ಪಡೆದು ಮಿಂದು ಬಂದ ಕಲಾವಿದ ಮುಖಕ್ಕೆ ಅರದಾಳದ ಹಳದಿ ಹಚ್ಚಿ, ಕಾಡಿಗೆ ಇಂಗಲೀಕಗಳಿಂದ ಗೆರೆ ಬರೆಯಿಸಿಕೊಳ್ಳುತ್ತಾನೆ. ಇತ್ತ ಎಳೆಗರಿಯನ್ನು ಸೀಳಿ, ಮಡಚಿ, ನೆಯ್ದು ಸಿರಿಯನ್ನೂ ಬೆನ್ನಿನ ಅಣಿಯನ್ನೂ ಕಟ್ಟುವವರ ಕೈ ಬಿಡುವಿಲ್ಲದೆ ಆಡುತ್ತಿರುತ್ತದೆ. ಗಗ್ಗರ ಕಂಚಿನದು, ಮೊಗ ಲೋಹದ್ದು. ಅವು ಮುಂದಿನ ವರ್ಷಕ್ಕೂ ಉಳಿದಾವು. ಗರಿಯ ಕೆಲಸ ಮಾತ್ರ ಬೆಳಗಾಗುವಾಗ ಬಾಡಿರುತ್ತದೆ. ಮುಂದಿನ ಕೋಲಕ್ಕೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ನಾಗಮಂಡಲದ ಐದು ಬಣ್ಣಗಳ ಗತಿಯೂ ಅಷ್ಟೇ: ಅಕ್ಕಿಹಿಟ್ಟು, ಅರಸಿನ, ಅರಸಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಎಲೆಯ ಹಸುರು, ಕರಿಯ ಪುಡಿ. ಗಂಟೆಗಟ್ಟಲೆ ಬರೆದದ್ದನ್ನು ಅದೇ ರಾತ್ರಿ ಕುಣಿದು ಅಳಿಸುತ್ತಾರೆ. ಹೀಗೆ ಅಳಿಯಲೆಂದೇ ಹುಟ್ಟಿದ ಕಲೆಯನ್ನು ಯಾವ ಪ್ರದರ್ಶನಾಲಯದಲ್ಲಿ ಇಡೋಣ?

ವೇಷ ತೊಡುವ ಮುನ್ನ ಪಾಡ್ದನ. ಕಲಾವಿದನ ತಾಯಿಯೋ ಹೆಂಡತಿಯೋ ತೆಂಬರೆ ಬಡಿಯುತ್ತ ಭೂತದ ಹುಟ್ಟು, ಸಂಚಾರ, ಕಾರಣಿಕಗಳನ್ನು ಹಾಡುತ್ತಾಳೆ. ವ್ಯಾಕರಣ ಕಲಿಸುವ ನಮಗೆ ಇಲ್ಲೊಂದು ಸ್ವಾರಸ್ಯವಿದೆ. ‘ಅವನು ಬಂದ’ ಎಂದು ಪ್ರಥಮ ಪುರುಷದಲ್ಲಿ ನಡೆದ ಕತೆ ಆವೇಶದ ಹೊತ್ತಿಗೆ ‘ನಾನು ಬಂದೆ’ ಎಂದು ಉತ್ತಮ ಪುರುಷಕ್ಕೆ ತಿರುಗುತ್ತದೆ.

ಪಾಡ್ದನಗಳಲ್ಲಿ ನಮ್ಮನ್ನು ಬಹುವಾಗಿ ಕಾಡುವುದು ಕಲ್ಕುಡನದು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದನೆಂದು ಶಾಸನ ಹೇಳುತ್ತದೆ. ಕೆತ್ತಿದವನಿಗೆ ಏನಾಯಿತೆಂಬುದನ್ನು ಪಾಡ್ದನ ಹೇಳುತ್ತದೆ. ಇಂಥದು ಇನ್ನೊಂದು ಹುಟ್ಟಬಾರದೆಂದು ಅರಸ ಬೀರ ಕಲ್ಕುಡನ ಕೈಯೊಂದನ್ನೂ ಕಾಲೊಂದನ್ನೂ ಕಡಿಸಿದನಂತೆ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಕೆತ್ತಿದ. ಕೊನೆಗೆ ತಂಗಿ ಕಲ್ಲುರ್ಟಿಯೊಡನೆ ಭೂತವಾಗಿ ಅರಸನನ್ನು ಕಾಡಿದ. ಇತಿಹಾಸದ ಒರೆಗಲ್ಲಿಗೆ ಇದು ನಿಲ್ಲುವುದಿಲ್ಲ. ವೇಣೂರಿನ ಮೂರ್ತಿ ನಿಂತದ್ದು 1604ರಲ್ಲಿ. ಆದರೆ ಕಸುಬಿನವನಿಗಾದ ಅನ್ಯಾಯವನ್ನು ನೆನಪಿನಲ್ಲಿಟ್ಟದ್ದು ಶಾಸನವಲ್ಲ, ಈ ಹಾಡು. ಹಾಡಿದವರಾದರೂ ಯಾರು? ಪಂಬದ, ಪರವ, ನಲಿಕೆಯವರು. ರಾತ್ರಿ ಊರ ಯಜಮಾನ ಯಾರ ನುಡಿಗೆ ತಲೆಬಾಗಿದನೋ ಅವರನ್ನೇ ಹಗಲಾದೊಡನೆ ಅಂಗಳದಾಚೆ ನಿಲ್ಲಿಸಿದ ಸಮಾಜ ನಮ್ಮದು. ಕಲ್ಕುಡನ ಕತೆ ಅವರ ಬಾಯಲ್ಲಿ ಬರಿಯ ಹಳೆಯ ಕತೆಯಾಗಿರಲಾರದು.

ದೈವಗಳು ಗಡಿಯನ್ನು ಲೆಕ್ಕಿಸಿದ್ದೂ ಇಲ್ಲ. ವಿಷ್ಣುಮೂರ್ತಿಯ ಐತಿಹ್ಯದಂತೆ ನೀಲೇಶ್ವರದಿಂದ ಓಡಿ ಮಂಗಳೂರಿಗೆ ಬಂದ ಪಾಲಂತಾಯಿ ಕಣ್ಣನು ದೈವವನ್ನು ತೆಂಕಕ್ಕೆ ಕೊಂಡೊಯ್ದ. 1956ರ ನವೆಂಬರ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೂ ತುಳು ಪಾಡ್ದನ, ಮಲೆಯಾಳದ ತೋಟ್ಟಂ ಎರಡೂ ಇಲ್ಲಿ ಕೇಳಿಬರುತ್ತಿವೆ.

ಇನ್ನು ಬರಹದ ಮಾತು. ಪಾಡ್ದನಗಳು ಅಚ್ಚಾದದ್ದು ಪರದೇಶೀಯರ ಕೈಯಲ್ಲಿ. ಮ್ಯಾನರ್ ಪಾದ್ರಿಯ ಸಂಗ್ರಹ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂತು. ಬರ್ನೆಲ್ ಕೂಡಿಸಿಟ್ಟದ್ದು ಆತ ತೀರಿಕೊಂಡ ಬಳಿಕ 1894ರಿಂದ ಬೆಳಕು ಕಂಡಿತು. ಹಾಡಿದ ಮುದುಕಿಯರ ಹೆಸರು ನಮಗೆ ದೊರೆತಿಲ್ಲ. ಮಂತ್ರಶಾಸ್ತ್ರದ ಪಾಠಗಳು ಮಾತ್ರ ತುಳು ಲಿಪಿಯಲ್ಲಿ ತಾಳೆಯೋಲೆಯ ಮೇಲೆ ಮನೆಗಳ ಅಟ್ಟದಲ್ಲಿ ಮಲಗಿದ್ದುವು. ಅದೇ ಲಿಪಿಯ ಓಲೆಗಳಿಂದ ‘ಶ್ರೀ ಭಾಗವತೊ’ ಮೊದಲಾದ ತುಳು ಕಾವ್ಯಗಳನ್ನು ಹೊರತಂದ ವೆಂಕಟರಾಜ ಪುಣಿಂಚತ್ತಾಯರು ನಮ್ಮ ಕಾಸರಗೋಡಿನವರೇ, ಅಧ್ಯಾಪಕರೇ. ಆ ಲಿಪಿಗೆ 2024ರಲ್ಲಿ ಯುನಿಕೋಡ್‌ನಲ್ಲಿ ಸ್ಥಾನವೂ ದೊರೆತಿದೆ.

ಪಾಡ್ದನಕ್ಕೆ ಆ ಭಾಗ್ಯ ಕಡಿಮೆ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಅದು ಗದ್ದೆಯಲ್ಲೂ ಬದುಕಿತ್ತು. ಗದ್ದೆಗಳು ಅಡಕೆ ತೋಟವಾದಂತೆ ಹಾಡಿನ ತಾಣವೂ ಹೋಯಿತು. ವೇಷ ಕಟ್ಟುವ ಮನೆಯ ಹುಡುಗ ಸಹಪಾಠಿಗಳ ನಗೆಗಂಜಿ ತನ್ನ ಮನೆಯ ಕಸುಬನ್ನು ಮುಚ್ಚಿಡುತ್ತಿದ್ದರೆ, ಆ ತರಗತಿಯಲ್ಲಿ ನಿಂತಿರುವವರು ನಾವು. ಅವನ ಅಜ್ಜಿಯ ಒಪ್ಪಿಗೆ ಪಡೆದು, ಆಕೆಯ ಹೆಸರು, ಊರು, ತಾರೀಕು ಸಹಿತ ಹಾಡನ್ನು ಬರೆದುಕೊಳ್ಳೋಣ. ಶಬ್ದಗಳನ್ನು ‘ತಿದ್ದುವ’ ಚಪಲ ಬೇಡ. ಇದಕ್ಕೆ ಆಟಿಯ ಮಳೆದಿನಗಳೇ ಅನುಕೂಲ. ಕೋಲವಿಲ್ಲದ ಆ ದಿನಗಳಲ್ಲಿ ಹಾಡುವವರಿಗೆ ತುಸು ಬಿಡುವಿರುತ್ತದೆ.