ಆರೋಗ್ಯದ ಮಾಹಿತಿ ಯುವಜನರಿಗೆ ಎಷ್ಟು ಅರ್ಥವಾಗುತ್ತೆ? ಫ್ರೆಂಚ್‌ನಲ್ಲಿ ಅಳೆಯೋದು ಹೀಗೆ

ಮಾತ್ರೆ ಪ್ಯಾಕೆಟ್ ಮೇಲಿರೋದನ್ನು ಓದೋಕೆ ಬಂದರಷ್ಟೇ ಸಾಲದು. ಆರೋಗ್ಯದ ಮಾಹಿತಿಯನ್ನು ಹುಡುಕೋದು, ಅರ್ಥ ಮಾಡಿಕೊಳ್ಳೋದು, ಸರಿಯೋ ತಪ್ಪೋ ಅಂತ ತೂಗಿ ನೋಡೋದು, ಅದರಂತೆ ನಡೆಯೋದು: ಈ ನಾಲ್ಕೂ ಸೇರಿದರೆ ಆರೋಗ್ಯ ಸಾಕ್ಷರತೆ.

ಇದನ್ನು ಅಳೆಯಲು ಯುರೋಪ್‌ನಲ್ಲಿ 47 ಪ್ರಶ್ನೆಗಳ ಪಟ್ಟಿಯಿದೆ. ಅದರ 16 ಪ್ರಶ್ನೆಗಳ ಚಿಕ್ಕ ರೂಪ ಫ್ರೆಂಚ್‌ನಲ್ಲೂ ಇದೆ. ಯಾವ ಕೆಲಸ ಎಷ್ಟು ಸುಲಭ, ಎಷ್ಟು ಕಷ್ಟ ಅಂತ ಉತ್ತರಿಸುವವರೇ ಗುರುತು ಹಾಕಬೇಕು.

ತೊಡಕು ಇರೋದು ಇಲ್ಲೇ. ‘ಸುಲಭ’ ಅಂದವರಿಗೆಲ್ಲ ನಿಜವಾಗಿ ಗೊತ್ತಿರುತ್ತೆ ಅಂತಿಲ್ಲ. ಅದಕ್ಕೇ 2005ರಲ್ಲಿ ಅಮೆರಿಕದಲ್ಲಿ ಬಂದ ಇನ್ನೊಂದು ಪರೀಕ್ಷೆ, ಐಸ್‌ಕ್ರೀಮ್ ಡಬ್ಬಿಯ ಲೇಬಲ್ ಕೊಟ್ಟು 6 ಪ್ರಶ್ನೆ ಕೇಳುತ್ತೆ. ಶೇಂಗಾ ಅಲರ್ಜಿ ಇದ್ದವರು ಅದನ್ನು ತಿನ್ನಬಹುದಾ ಅನ್ನೋದೂ ಅದರಲ್ಲಿದೆ.

ಭಾಷೆ ಒಂದೇ ಆದರೂ ಪದ ಬೇರೆ. ಫ್ರಾನ್ಸ್‌ನ ಪ್ಯಾರಾಸಿಟಮಾಲ್ ಕೆನಡಾದ ಕ್ವಿಬೆಕ್‌ನಲ್ಲಿ ಅಸಿಟಮಿನೋಫೆನ್. ಎರಡೂ ಬೇರೆ ಮಾತ್ರೆ ಅಂದುಕೊಂಡು ಒಟ್ಟಿಗೆ ನುಂಗಿ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು. ಪ್ಯಾರಿಸ್‌ನ ಪ್ರಶ್ನೆಪತ್ರಿಕೆಯನ್ನು ಹಾಗೇ ಮಾಂಟ್ರಿಯಲ್‌ನ ಹುಡುಗರಿಗೆ ಕೊಟ್ಟರೆ, ಪದ ಗೊತ್ತಿಲ್ಲದ್ದಕ್ಕೇ ಅಂಕ ಕಡಿಮೆಯಾಗಬಹುದು.

ಹಾಗಾಗಿ ಅನುವಾದವಾದ ಮೇಲೆ ಅದನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಿ ಹೋಲಿಸುತ್ತಾರೆ. ಆಮೇಲೆ ಆ ವಯಸ್ಸಿನವರಿಗೇ ಓದಲು ಕೊಟ್ಟು, ಏನು ಅರ್ಥವಾಯ್ತು ಅಂತ ಕೇಳುತ್ತಾರೆ. ಅಳತೆಗೋಲೇ ತಪ್ಪಿದ್ದರೆ, ಯಾರಿಗೆ ಏನನ್ನು ಬಿಡಿಸಿ ಹೇಳಬೇಕು ಅನ್ನೋದೇ ತಿಳಿಯಲ್ಲ.