ನಳಕ್ಕೆ ತಿರುಪಿಲ್ಲ, ನೀರಿಗೆ ಬೆಲೆಯಿಲ್ಲ

"ನಳ ಬಂದಾವ!"

ಓಣಿಯಲ್ಲಿ ಈ ಕೂಗು ಎದ್ದರೆ ಸಾಕು, ಕೊಡ, ಬಕೀಟು, ಹಂಡೆಗಳ ಸದ್ದು ಶುರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲಿಯ ಹೆಣ್ಣುಮಕ್ಕಳಿಗೂ ಇದು ಹೊಸದಲ್ಲ. ಕೊಡ ತುಂಬಿತು, ಟಾಕಿ ತುಂಬಿತು. ಆಮೇಲೆ? ನಳ ಹಾಗೇ ಹರಿಯುತ್ತದೆ. ಬಂದ್ ಮಾಡೋಣವೆಂದರೆ ಎಷ್ಟೋ ನಳಕ್ಕೆ ತಿರುಪೇ ಇಲ್ಲ!

ಹೀಗೆ ಹರಿದು ಹೋಗುವ ನೀರು ಎಲ್ಲಿಯದು? ಚಿಂಚೋಳಿ ಕಡೆಯ ಮುಲ್ಲಾಮಾರಿ ಬಂದು ಕಾಗಿಣಾ ಸೇರುತ್ತದೆ. ಸೇಡಮ್ಮಿನ ಕಮಲಾವತಿಯೂ ಅದೇ ಹೊಳೆ ಸೇರುತ್ತದೆ. ಕಾಗಿಣಾ ಮಳಖೇಡದ ಕೋಟೆ ಮಗ್ಗಲಿಂದ ಹರಿದು ಶಹಾಬಾದ ಹತ್ತಿರ ಭೀಮೆಗೆ ಕೂಡುತ್ತದೆ. ಮಳೆಗಾಲದಲ್ಲಿ ಸೇತುವೆ ಮುಳುಗಿಸುವ ಇದೇ ಹೊಳೆ ಬ್ಯಾಸಿಗಿಯಲ್ಲಿ ಸೊರಗುತ್ತದೆ. ಮೇಲಿನವರು ಚೆಲ್ಲಿದರೆ ಕೆಳಗಿನವರಿಗೆ ಕಡಿಮೆ, ಅಷ್ಟೇ ಲೆಕ್ಕ.

ಅಂಗಡಿ ಲೆಕ್ಕದಂತೆ ಇದನ್ನೂ ಹಾಕಿ ನೋಡಿ. ಹದಿನೈದು ಲೀಟರಿನ ಕೊಡ ಎರಡು ಮಿನಿಟಿಗೆ ತುಂಬುತ್ತದೆ ಅನ್ನಿ. ಅರ್ಧ ತಾಸು ಸುಮ್ಮನೆ ಹರಿದರೆ 225 ಲೀಟರ್. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವುದು 55 ಲೀಟರ್. ಅಂದರೆ ನಾಲ್ಕು ಮಂದಿಯ ಒಂದು ದಿನದ ಪಾಲು ಗಟಾರಕ್ಕೆ ಹೋಯಿತು!

"ನಿನ್ನಿ ನೀರು ಹಳಸ್ಯಾವ" ಎಂದು ತುಂಬಿದ ಕೊಡ ಚೆಲ್ಲುವವರೂ ಇದ್ದಾರೆ. ತೊಳೆದ ಕೊಡದಲ್ಲಿ ಮುಚ್ಚಿಟ್ಟ ನೀರು ಒಂದು ರಾತ್ರಿಗೆ ಹಳಸುವುದಿಲ್ಲ. ತೆರೆದ ಟಾಕಿಯಲ್ಲಿ ವಾರಗಟ್ಟಲೆ ನಿಂತರೆ ಮಾತ್ರ ಡೆಂಗಿಯ ಸೊಳ್ಳೆಗೆ ಅದು ತವರುಮನೆ. ಟಾಕಿಯ ಮೇಲೆ ಒಂದು ಫರಸಿ ಮುಚ್ಚಿದರಾಯಿತು. ಶಹಾಬಾದ ಸೀಮೆಯಲ್ಲಿ ಕಲ್ಲಿಗೇನು ಬರಗಾಲವೇ?

ಇನ್ನು ಮೋಟರಿನ ಕಥೆ. ನಳದ ಪೈಪಿಗೇ ಮೋಟರು ಹಚ್ಚಿ ಎಳೆದರೆ ಓಣಿಯ ಕಡೇ ಮನೆಗೆ ಹನಿಯೂ ಮುಟ್ಟದು. ಪೈಪು ಎಲ್ಲಾದರೂ ಒಡೆದಿದ್ದರೆ ಆ ಎಳೆತಕ್ಕೆ ಗಟಾರದ ಹೊಲಸೂ ಒಳಗೆ ಬರುತ್ತದೆ. ಮೋಟರಿನವನ ಕೊಡಕ್ಕೂ ಅದೇ ನೀರು!

ಕಡೇ ಮನೆಯಾಕೆಗೆ ಉಳಿಯುವುದು ಬೋರಿನ ಸವಳು ನೀರು. ನಮ್ಮದು ಸುಣ್ಣಕಲ್ಲಿನ ಸೀಮೆ. ಇಲ್ಲಿಯ ಕಲ್ಲೇ ಸಿಮೆಂಟಾಗುತ್ತದೆ. ಆ ಕಲ್ಲಿನ ಸಂದಿಯ ನೀರಿನಲ್ಲಿ ಸೋಪು ನೊರೆ ಬಿಡದು, ತೊಗರಿ ಬ್ಯಾಳಿ ಬೇಗ ಬೇಯದು. ತೊಗರಿ ಬೆಳೆವ ಜಿಲ್ಲೆಯಲ್ಲೇ ಬ್ಯಾಳಿ ಬೇಯಿಸಲು ಸಿಹಿನೀರಿಗೆ ಪರದಾಟ. ಅದೇ ಸಿಹಿನೀರಲ್ಲಿ ಮುಂದಿನ ಓಣಿಯವರು ಗಾಡಿ ತೊಳೆಯುತ್ತಾರೆ!

ತಪ್ಪು ಬರೀ ಜನರದ್ದೇ? ಅಲ್ಲ. ನಳ ಮತ್ತೆ ಯಾವಾಗ ಬರುತ್ತದೋ ಎಂಬ ಅಂಜಿಕೆ ಇರುವವನು ಇದ್ದಬದ್ದ ಪಾತ್ರೆಯೆಲ್ಲಾ ತುಂಬಿಕೊಳ್ಳುತ್ತಾನೆ. ಎಷ್ಟು ಹರಿದರೂ ಒಂದೇ ಬಿಲ್ಲು ಎಂದಾದರೆ ತಿರುಪು ಹಾಕಿಸುವ ಉಮೇದು ಯಾರಿಗೆ? 2008ರ ಸುಮಾರಿಗೆ ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಇಪ್ಪತ್ನಾಲ್ಕು ತಾಸು ನೀರು, ಮನೆಗೊಂದು ಮೀಟರು ಬಂತು. ನೀರು ಹೊತ್ತಿಗೆ ಬರುತ್ತದೆಂಬ ಭರವಸೆ, ಬಳಸಿದಷ್ಟಕ್ಕೆ ರೊಕ್ಕ: ಈ ಎರಡೂ ಕೂಡಿ ಬರಬೇಕು. ಒಡೆದ ಪೈಪು ರಿಪೇರಿ ಮಾಡುವುದು ಪುರಸಭೆಯ ಪಾಲು.

ಆದರೆ ತಿರುಪು ಹಾಕಿಸಲು ಯಾವ ಯೋಜನೆಯೂ ಬರಬೇಕಿಲ್ಲ. ಇವತ್ತು ಸಂಜೆ ಬಸ್ಸಿಳಿದು ಮನೆಗೆ ಹೋಗುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ತಿರುಪು ತಗೊಂಡು ಹೋಗಿ. ನಾಳೆ ಮುಂಜಾನೆ ಕಡೇ ಮನೆಯ ಕೊಡವೂ ತುಂಬೀತು.