ಮನೆಯ ಲೆಕ್ಕವನ್ನೂ ಒಮ್ಮೆ ತೆಗೆದು ನೋಡೋಣ

ದೀಪಾವಳಿ ಬಂತೆಂದರೆ ನಾವು ಹಳೆಯ ಖಾತೆ ಮುಗಿಸಿ ಹೊಸ ಪುಸ್ತಕಕ್ಕೆ ಪೂಜೆ ಮಾಡುತ್ತೇವೆ. ಯಾರ ಬಾಕಿ ಎಷ್ಟು, ಗೋದಾಮಿನಲ್ಲಿ ಹತ್ತಿಯ ಅಂಡಿಗೆ ಎಷ್ಟು ಎಂಬುದು ಆದವಾನಿಯ ವರ್ತಕರಿಗೆ ಬಾಯಿಪಾಠ. ಆದರೆ ತಲೆಯ ಮೇಲಿನ ಮಾಳಿಗೆಯ ಭಾರ ಎಷ್ಟೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಆದವಾನಿ, ಆಲೂರು, ಕೋಸಿಗಿ, ಎಮ್ಮಿಗನೂರು ಕಡೆಯ ಹಳೆಯ ಮನೆಗಳು ಎಲ್ಲರಿಗೂ ಗೊತ್ತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು. ಮಳೆಗೆ ಸೋರಿದರೆ ಇನ್ನೊಂದು ಪದರ ಸವುಳು ಮಣ್ಣು. ನಮ್ಮ ಮನೆಯಲ್ಲೂ ಹೀಗೇ ನಡೆದಿತ್ತು. ಸೋರಿಕೆಗೆಂದು ಮಾಳಿಗೆಯನ್ನು ಅಗೆಸಿದಾಗ ಪದರದ ಮೇಲೆ ಪದರ ಸಿಕ್ಕಿ, ಒಟ್ಟು ಒಂದು ಅಡಿಗೂ ಹೆಚ್ಚು ಮಣ್ಣಿತ್ತು. ಆಗ ಕೂತು ಲೆಕ್ಕ ಹಾಕಿದೆವು. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ 100 ಘನ ಅಡಿ, ಅಂದರೆ ಸುಮಾರು ನಾಲ್ಕೂವರೆ ಟನ್. 170 ಕಿಲೋ ತೂಗುವ ಅಂಡಿಗೆಗಳಾದರೆ ಇಪ್ಪತ್ತಾರು! ಅಷ್ಟು ಅಂಡಿಗೆಗಳ ಕೆಳಗೆ ಮಕ್ಕಳನ್ನು ಮಲಗಿಸುತ್ತಿದ್ದೆವು.

ಕಿಲ್ಲಾರಿಯ ಪಾಠ

“ನಮ್ಮದು ಗಟ್ಟಿ ಬಂಡೆಯ ನೆಲ, ಇಲ್ಲಿಗೆ ಭೂಕಂಪ ಬಾರದು” ಎಂಬ ಮಾತು ನಮ್ಮಲ್ಲಿ ರೂಢಿ. ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅಂದಿನ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಮರುದಿನ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಅಲ್ಲಿ ನೆಲ ನಡುಗಿತು. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಸುಮಾರು ಹತ್ತು ಸಾವಿರ ಜನ ಏಳಲೇ ಇಲ್ಲ. ಅವರ ಮನೆಗಳೂ ನಮ್ಮ ಮನೆಗಳಂತೆಯೇ ಇದ್ದವು. ಕಲ್ಲುಗೋಡೆಯ ಒಳಪದರ, ಹೊರಪದರಗಳಿಗೆ ಹೊಂದಿಕೆ ಇರಲಿಲ್ಲ. ಅವು ಬೇರೆಬೇರೆಯಾಗಿ ಕುಸಿದು, ಮಾಳಿಗೆಯ ಮಣ್ಣು ಮೇಲೆ ಬಿತ್ತು. ಮಾಳಿಗೆಯನ್ನು ಮರದ ಕಂಬಗಳು ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತು.

ಕಿಲ್ಲಾರಿ ನಮ್ಮಿಂದ ನೇರ ದೂರದಲ್ಲಿ ಮುನ್ನೂರು ಕಿಲೋಮೀಟರ್ ಒಳಗೇ ಇದೆ. 1953ರವರೆಗೆ ಆದವಾನಿ ಸೇರಿದ್ದ ಬಳ್ಳಾರಿ ಸೀಮೆಯಲ್ಲೇ 1843ರಲ್ಲಿ ಭೂಮಿ ನಡುಗಿದ್ದು ಹಳೆಯ ಪಟ್ಟಿಗಳಲ್ಲಿ ದಾಖಲಾಗಿದೆ. 2002ರಲ್ಲಿ ದೇಶದ ನಕ್ಷೆಯನ್ನು ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿ ಅದನ್ನು ಎರಡನೆಯದರಲ್ಲಿ ಸೇರಿಸಲಾಯಿತು. ನಮ್ಮಲ್ಲಿ ಅಪಾಯ ಕಡಿಮೆ, ನಿಜ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ

ಹೊಸ ಕಾಂಕ್ರೀಟ್ ಮನೆಯವರೂ ನಿಶ್ಚಿಂತೆಯಿಂದ ಇರುವಂತಿಲ್ಲ. 2001ರ ಜನವರಿ 26ರಂದು ಕಛ್ ಭೂಕಂಪವಾದಾಗ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಅಂಥ ಹಲವು ಕಟ್ಟಡಗಳಲ್ಲಿ ಕೆಳಗೆ ವಾಹನ ನಿಲ್ಲಿಸಲೆಂದು ಬರೀ ಕಂಬಗಳು, ಮೇಲೆ ಗೋಡೆ ತುಂಬಿದ ಮನೆಗಳು. ಮೇಲಿನದು ಗಟ್ಟಿ, ಕೆಳಗಿನದು ಸಡಿಲ. ಅಲುಗಾಟವೆಲ್ಲ ಆ ಕಂಬಗಳ ಮೇಲೇ ಬೀಳುತ್ತದೆ. ನಮ್ಮ ಬಜಾರಿನಲ್ಲಿ ಇಡೀ ಮುಂಭಾಗ ಷಟರಿಗೆ ಬಿಟ್ಟ ಅಂಗಡಿ, ಮೇಲೆ ಮನೆ, ಮಗನ ಮದುವೆಯಾದಾಗ ಅದರ ಮೇಲೆ ಇನ್ನೊಂದು ಅಂತಸ್ತು! ತಳಪಾಯ ಅದನ್ನು ತಾಳುವುದೇ ಎಂದು ಎಂಜಿನಿಯರರನ್ನು ಕೇಳದೆ ಅಂತಸ್ತು ಏರಿಸಬಾರದು.

ನಾವು ಮಾಡಬಹುದಾದದ್ದು

ಹಳೆಯ ಮನೆಯಾದರೆ ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಸೋರದಂತೆ ಹಗುರವಾದ ಹೊದಿಕೆ ಹಾಕಿಸೋಣ. ಉಬ್ಬಿದ ಗೋಡೆ, ಗೆದ್ದಲು ತಿಂದ ತೊಲೆಗಳನ್ನು ತಿಳಿದವರಿಗೆ ತೋರಿಸೋಣ.

ಹೊಸದಾಗಿ ಕಲ್ಲುಗೋಡೆ ಕಟ್ಟುವಾಗ ಗೋಡೆಯ ಎರಡೂ ಮುಖ ಮುಟ್ಟುವ ಉದ್ದನೆಯ ಹಾಸುಗಲ್ಲುಗಳನ್ನು ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿಗೆ ಒಂದರಂತೆ ಇಡಿಸಬೇಕು. ಬಾಗಿಲ ತಲೆಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬರುವ ಕಬ್ಬಿಣದ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು. ಸೊಂಟಕ್ಕೆ ನಡುಕಟ್ಟು ಇದ್ದಂತೆ ಇದು ಮನೆಗೆ. ಎಲ್ಲಿಯೂ ತುಂಡಾಗಬಾರದು. ಮೂಲೆಗೆ ತಾಗಿದಂತೆ ಬಾಗಿಲು, ಕಿಟಕಿ ಬೇಡ.

ಕಾಂಕ್ರೀಟ್ ಕಂಬ ಹಾಕುವಾಗ ಕಬ್ಬಿಣದ ರಿಂಗುಗಳ ತುದಿಯನ್ನು 135 ಡಿಗ್ರಿ ಒಳಕ್ಕೆ ಬಾಗಿಸಿದ್ದಾರೆಯೇ, ತೊಲೆ ಕಂಬ ಸೇರುವಲ್ಲಿ ರಿಂಗುಗಳು ಹತ್ತಿರ ಹತ್ತಿರ ಇವೆಯೇ ಎಂದು ನಿಂತು ನೋಡೋಣ. ಬೆಲೆ ಚೌಕಾಸಿ ಮಾಡುವ ನಮಗೆ ಇಷ್ಟು ನೋಡುವುದು ಕಷ್ಟವಲ್ಲ. ನೀರು ಉಣಿಸುವುದರಲ್ಲಿ ಜಿಪುಣತನವೂ ಬೇಡ.

ಮನೆಯೊಳಗೆ ಕಪಾಟುಗಳನ್ನು ಗೋಡೆಗೆ ಬಿಗಿಸೋಣ. ಹಾಸಿಗೆಯ ಮೇಲಿನ ಅಟ್ಟದಿಂದ ಹಿತ್ತಾಳೆ ಹಂಡೆಗಳನ್ನು ಇಳಿಸೋಣ. ಗೋದಾಮಿನಲ್ಲಿ ಅಂಡಿಗೆಗಳನ್ನು ಓಡಾಡುವ ದಾರಿಯ ಪಕ್ಕ ಎತ್ತರಕ್ಕೆ ಪೇರಿಸುವುದು ಬೇಡ. ವಿಮೆಯ ಪತ್ರದಲ್ಲಿ ಭೂಕಂಪ ಸೇರಿದೆಯೇ ಎಂದು ಓದಿ ನೋಡೋಣ. ನೆಲ ಅಲುಗಿದರೆ ಕಾಂಕ್ರೀಟ್ ಮನೆಯಲ್ಲಿರುವವರು ಮೆಟ್ಟಿಲಿಗೆ ಓಡದೆ ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಬೇಕು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಗಿಲ ಬಳಿ ಇದ್ದವರು ಕೂಡಲೇ ಬಯಲಿಗೆ ಬರುವುದು ಲೇಸು. ಇದನ್ನು ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ, ಅಂಗಡಿಯ ಆಳುಗಳಿಗೂ ಹೇಳಿಕೊಡೋಣ.

ಇರುವೆಗೂ ನೋವಾಗದಂತೆ ನೋಡಿ ನಡೆ ಎಂದು ಹಿರಿಯರು ಕಲಿಸಿದ ಮನೆತನಗಳು ನಮ್ಮವು. ನಮ್ಮ ಸೂರಿನ ಕೆಳಗೆ ಮಲಗುವವರ ವಿಷಯದಲ್ಲೂ ಅದೇ ಎಚ್ಚರ ಇರಲಿ. ಈ ದೀಪಾವಳಿಗೆ ಹೊಸ ಪುಸ್ತಕ ತೆರೆಯುವ ಮುನ್ನ, ಒಮ್ಮೆ ಏಣಿ ಹಾಕಿ ಮಾಳಿಗೆ ಹತ್ತಿ ಬರೋಣ.